ಪರಮಾಣು ತೂಗಲು ಹೋದವನ ಎರಡು ಕೈ

ಬಂಗಾರಪೇಟೆ ಸ್ಟೇಷನ್

ನಂದಿದುರ್ಗ ಗಣಿಯ ಕೆಲಸಗಾರರ ನಮ್ಮ ಲೈನಿನ ಮನೆಗಳಿಂದ ಅದುವರೆಗೆ ಯಾರೂ ಜರ್ಮನಿಗೆ ಹೋಗಿರಲಿಲ್ಲ. ಹಾಗಾಗಿ ನನ್ನನ್ನು ಯಾವ ರೀತಿ ಕಳಿಸಿಕೊಡಬೇಕು ಎನ್ನುವುದು ಯಾರಿಗೂ ತಿಳಿದಿರಲಿಲ್ಲ. ಅಮ್ಮ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಅಳುವ ಹಾಗೆ ಅತ್ತು, ಹೊಟ್ಟೆನೋವಿಗೆ ಓಮ, ನೆಗಡಿಗೆ ಮೆಣಸು, ಹಸಿವಿಗೆ ಒಂದು ದೊಡ್ಡ ಗಂಟು ರಾಗಿ ಹಿಟ್ಟು ಕಟ್ಟಿಕೊಟ್ಟಳು. ಅಪ್ಪ ಅಳಲಿಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗೆ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಮಾತೂ ಆಡದೆ ಕೂತಿದ್ದ.

ಬೆಂಗಳೂರಿನ ಟಿಕೆಟ್ ಕೊಳ್ಳಲು ಸ್ಟೇಷನ್ನಿನ ಹೊರಗೆ ಹೋಗಬೇಕಿತ್ತು. ಗೇಟಿನಲ್ಲಿ ಕರಿ ಕೋಟು, ಟೋಪಿಯ ಟಿಕೆಟ್ ಕಲೆಕ್ಟರ್ "ಟಿಕೆಟ್" ಎಂದು ಕೈ ಚಾಚಿದ. ಅಪ್ಪ ಗಂಟನ್ನು ಕೆಳಗಿಟ್ಟ. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ, ಬಾಯಿ ತೆರೆದು, ನಾಲಿಗೆ ಮೇಲೆ ಮಾಡಿ ನಿಂತ.

"ಏನಜ್ಜಾ, ಪೊಲೀಸ್ನೋರ್ ಕೈಗೆ ಸಿಕ್ಕಾಕ್ಕೊಂಡಂಗೆ ನಿಂತ್ಕೊಂಡೆ? ಟಿಕೆಟ್ ಕೊಡು ಅಂದೆ" ಎಂದು ಅವನು ನಕ್ಕ. ಹಿಂದಿದ್ದವರೂ ನಕ್ಕರು. ಅಪ್ಪನೂ ಸ್ವಲ್ಪ ನಕ್ಕ. ನನಗೆ ಮೈ ಉರಿದುಹೋಯಿತು. ಪರದೇಶಕ್ಕೆ ಹೊರಟ ದಿನ ಜಗಳ ಬೇಡವೆಂದು ಹಲ್ಲು ಕಚ್ಚಿಕೊಂಡೆ.

ಅಪ್ಪ ಮೂವತ್ತು ವರ್ಷ ಮಿಲ್ಲಿನಲ್ಲಿ ದುಡಿದವನು. ಮಿಲ್ಲು ಎಂದರೆ ಗಣಿಯಿಂದ ಬಂದ ಕಲ್ಲನ್ನು ಪುಡಿ ಮಾಡಿ ಚಿನ್ನ ತೆಗೆಯುವ ಜಾಗ. ಅಲ್ಲಿಂದ ಹೊರಗೆ ಬರುವ ಪ್ರತಿಯೊಬ್ಬನೂ ಕೈ ಎತ್ತಿ, ಬಾಯಿ ತೆರೆದು, ಚಪ್ಪಲಿ ಕೊಡವಿ, ತಲೆಗೂದಲನ್ನೂ ತಡವಿಸಿಕೊಂಡೇ ಮನೆಗೆ ಹೋಗಬೇಕು. ದಿನಕ್ಕೊಂದು ಸಲ ಮೂವತ್ತು ವರ್ಷ ಹಾಗೆ ಮಾಡಿದವನಿಗೆ ಗೇಟು ಮತ್ತು ಟೋಪಿ ಎರಡೂ ಒಟ್ಟಿಗೆ ಕಂಡರೆ ಸಾಕು, ಕೈ ತಾನಾಗಿಯೇ ಮೇಲೇಳುತ್ತಿತ್ತು.

ಅಷ್ಟೇ ಆಗಿದ್ದರೆ ನಾನೂ ನಗುತ್ತಿದ್ದೆನೇನೋ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಮಿಲ್ಲಿನ ತೂಕದಲ್ಲಿ ಚಿನ್ನ ಕಡಿಮೆ ಬಂತು. ಯಾವ ಮಿಲ್ಲು ಎಂದು ಬರೆಯುವುದಿಲ್ಲ. ಹೆಸರು ಹಿಡಿದು ಜಗಳ ತೆಗೆಯಲು ನಾನು ಕೂತಿಲ್ಲ. ಅವತ್ತು ಚಿನ್ನ ಕೈಯಲ್ಲಿ ಮುಟ್ಟಿ ತೂಗಿದವನು ಅಪ್ಪ. ಮಧ್ಯಾಹ್ನದಿಂದ ಸಂಜೆಯವರೆಗೆ ಎಲ್ಲರ ಎದುರಿಗೆ ಅವನನ್ನು ಕೈ ಎತ್ತಿಸಿ ನಿಲ್ಲಿಸಿದರು. ಏನೂ ಸಿಗಲಿಲ್ಲ. ಆದರೂ ಮಿಲ್ಲಿನಿಂದ ತೆಗೆದು ಮಣ್ಣು ಹೊರುವ ಕೆಲಸಕ್ಕೆ ಹಾಕಿದರು. ಲೈನಿನಲ್ಲಿ ಅಪ್ಪನನ್ನು ಮುಂದೆ ಬಿಟ್ಟು ಹಿಂದಿನಿಂದ ಮಾತಾಡುವವರು ಹುಟ್ಟಿಕೊಂಡರು.

ಬಿ.ಎಸ್ಸಿ. ಮುಗಿಸಿ ನಾನು ಅದೇ ಗಣಿಯ ಅಸ್ಸೇ ಆಫೀಸು ಸೇರಿದೆ. ಕಲ್ಲಿನ ಮಾದರಿ ಕರಗಿಸಿ, ಸಾಸಿವೆಯಷ್ಟು ಚಿನ್ನದ ಗುಂಡು ತೆಗೆದು, ಅದನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗುವ ಕೆಲಸ. ಅಲ್ಲಿನ ಕಟ್ಟಳೆ ಒಂದೇ: ಎಡದ ತಟ್ಟೆಯಲ್ಲಿ ತೂಗಿದ್ದನ್ನು ಬಲದ ತಟ್ಟೆಯಲ್ಲಿಟ್ಟು ಇನ್ನೊಮ್ಮೆ ತೂಗಬೇಕು. ತಕ್ಕಡಿಯ ಎರಡು ತೋಳೂ ಸಮ ಎಂದು ನಂಬುವವನು ಅಲ್ಲಿ ಒಂದು ವಾರ ಉಳಿಯಲಾರ. ಮೂಲೆಯಲ್ಲಿ ಒಂದು ಹಳೆಯ ತಕ್ಕಡಿ ಧೂಳು ತಿನ್ನುತ್ತಿತ್ತು. ಮಿಲ್ಲಿನಿಂದ ತಂದು ಎಸೆದದ್ದು ಎಂದರು. ನಾನು ಒಂದು ತೂಕದ ಬಟ್ಟನ್ನು ಅದರ ಎಡಕ್ಕಿಟ್ಟು ತೂಗಿದೆ, ಬಲಕ್ಕಿಟ್ಟು ತೂಗಿದೆ; ಎರಡು ಸಲಕ್ಕೆ ಎರಡು ತೂಕ ಬಂತು. ಅಪ್ಪನ ತಲೆಗೆ ಕಟ್ಟಿದ ಕೊರತೆ ಅಲ್ಲಿಯೇ ಇತ್ತು.

ಅವತ್ತು ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡ.

"ತಪ್ಪು ನಮ್ದು ಅಂತ ಅವ್ರು ಬರ್ದು ಕೊಟ್ಟವ್ರೇನ್ಲಾ?"

"ಇಲ್ಲಪ್ಪಾ. ನಾನೇ ನೋಡ್ದೆ."

"ನೀನ್ ನೋಡುದ್ರೆ ಏನ್ ಬಂತು ಕಿಟ್ಟಾ. ಬರ್ದು ಕೊಡ್ಲಿ."

ಆ ತಕ್ಕಡಿಯನ್ನು ಮುಂದಿನ ವಾರ ಗುಜರಿಗೆ ಹಾಕಿದರು. ಬರೆದು ಕೊಡುವವರು ಯಾರೂ ಇರಲಿಲ್ಲ.

ಇನ್ನು ನನಗೂ ಜರ್ಮನಿಗೂ ಏನು ಸಂಬಂಧ ಎಂದರೆ, ಗಣಿಯ ಆಳದಲ್ಲಿ ಆಕಾಶದಿಂದ ಬರುವ ಕಿರಣಗಳನ್ನು ಎಣಿಸಲು ವಿಜ್ಞಾನಿಗಳು ಬಂದಿದ್ದರು. ಅವರಲ್ಲೊಬ್ಬರು ಅಸ್ಸೇ ಆಫೀಸಿಗೆ ಬಂದು ನನ್ನ ಕೆಲಸ ನೋಡಿದರು. ಪರಮಾಣುಗಳನ್ನೇ ತೂಗುವ ಪ್ರಯೋಗಾಲಯವೊಂದು ಜರ್ಮನಿಯಲ್ಲಿದೆ, ಅವಸರ ಮಾಡದ ಕೈ ಅವರಿಗೆ ಬೇಕಂತೆ, ಒಂಬತ್ತು ತಿಂಗಳು ಹೋಗಿ ಬಾ ಎಂದರು. ಸರ್ಟಿಫಿಕೇಟ್ ತಂದರೆ ದೊಡ್ಡ ಹುದ್ದೆ ಕೊಡುತ್ತೇವೆ ಎಂದು ಗಣಿಯ ಆಫೀಸಿನವರೂ ರಜೆ ಕೊಟ್ಟರು.

ಹಡಗು

ಬೊಂಬಾಯಿಯ ಸುಂಕದವನಿಗೆ ರಾಗಿ ಹಿಟ್ಟು ಏನೆಂದು ಗೊತ್ತಿರಲಿಲ್ಲ. ಮೂಸಿದ, ಬೆರಳಿಗೆ ಹಚ್ಚಿ ನೆಕ್ಕಿದ, ಇನ್ನೊಬ್ಬನನ್ನು ಕರೆದು ಅವನಿಗೂ ನೆಕ್ಕಿಸಿದ. ಇದನ್ನು ತಿಂದೇ ನಮ್ಮವರು ಪಾತಾಳದವರೆಗೆ ಇಳಿದು ಚಿನ್ನ ತೆಗೆದಿದ್ದು ಎಂದು ನಾನು ಇಂಗ್ಲಿಷಿನಲ್ಲಿ ಒಂದು ಭಾಷಣ ಬಿಗಿದೆ. ಬೇಸರವಾಗಿ ಬಿಟ್ಟುಬಿಟ್ಟ.

ಹಡಗಿನ ಊಟದ ಕೋಣೆಗೆ ಪಂಚೆ ಉಟ್ಟು ಬರುವಂತಿಲ್ಲ ಎಂದು ಮೊದಲ ದಿನವೇ ಹೇಳಿದರು. ಎರಡನೆಯ ದಿನವೂ ಪಂಚೆಯಲ್ಲೇ ಹೋದೆ. ನನ್ನಲ್ಲಿ ಪ್ಯಾಂಟು ಇರಲಿಲ್ಲವೆಂದಲ್ಲ, ಎರಡು ಇದ್ದವು. ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ಮೂರು ದಿನ ನನ್ನ ತಟ್ಟೆಯನ್ನು ಮಲಗುವ ಕೋಣೆಗೇ ಕಳಿಸಿದರು. ನಾಲ್ಕನೆಯ ದಿನ ಸಮುದ್ರ ಕೆರಳಿತು. ಸೂಟು ಬೂಟಿನವರೆಲ್ಲ ಬಕೀಟು ತಬ್ಬಿಕೊಂಡು ಮಲಗಿದರು. ಕಲ್ಲಿನ ಮಾದರಿ ತರಲು ಗಣಿಗೆ ಇಳಿಸುವ ಕಬ್ಬಿಣದ ತೊಟ್ಟಿಲಲ್ಲಿ ಒಂದೇ ಉಸಿರಿಗೆ ಸಾವಿರಾರು ಅಡಿ ಇಳಿದು ಅಭ್ಯಾಸವಿದ್ದ ನನ್ನ ಹೊಟ್ಟೆಗೆ ಏನೂ ಆಗಲಿಲ್ಲ. ಅಷ್ಟು ದೊಡ್ಡ ಊಟದ ಕೋಣೆಯಲ್ಲಿ ಪಂಚೆ ಉಟ್ಟ ನಾನೊಬ್ಬನೇ ಕೂತು ಎರಡು ಸಲ ಬಡಿಸಿಕೊಂಡು ಉಂಡೆ.

ಆದರೆ ಅದೇ ದಿನ ಕಿಟಕಿಯಿಂದ ನುಗ್ಗಿದ ನೀರಿಗೆ ಅಮ್ಮನ ಹಿಟ್ಟೆಲ್ಲ ಕೆಸರಾಯಿತು. ಅದನ್ನು ಸಮುದ್ರಕ್ಕೆ ಸುರಿಯುವಾಗ ಮಾತ್ರ ನಿಜವಾಗಿ ಊರು ಬಿಟ್ಟೆ ಅನ್ನಿಸಿ ಅಳು ಬಂತು.

ನದಿ ದಂಡೆಯ ಊರು

ಬಿಳಿಯರನ್ನು ನೋಡದವನೇನಲ್ಲ ನಾನು. ನಮ್ಮ ಕೆ.ಜಿ.ಎಫ್.ನಲ್ಲಿ ಅವರ ಬಂಗಲೆ, ಅವರ ಕ್ಲಬ್ಬು, ಅವರ ನಾಯಿಗಳನ್ನೆಲ್ಲ ಕಂಡೇ ಬೆಳೆದವನು. ನೋಡಿರದೆ ಇದ್ದದ್ದು ಬಿಳಿಯರು ಬೀದಿ ಗುಡಿಸುವುದನ್ನು, ಮೂಟೆ ಹೊರುವುದನ್ನು, ತರಕಾರಿಗೆ ಚೌಕಾಸಿ ಮಾಡಿ ಸೋಲುವುದನ್ನು. ರೈಲು ಇಳಿದ ಬೆಳಿಗ್ಗೆ ಒಬ್ಬ ಮುದುಕ ನನ್ನ ಪೆಟ್ಟಿಗೆ ಹೊತ್ತು ನಡೆದಾಗ ನಾನು ಬೀದಿಯುದ್ದಕ್ಕೂ ಕುತ್ತಿಗೆ ಎತ್ತಿಕೊಂಡೇ ನಡೆದೆ. ಅಷ್ಟು ಬೀಗಬೇಕಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ, ಆಗ ಬಹಳ ಸುಖವಾಗಿತ್ತು.

ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲದಿದ್ದರೂ ಕೆಂಪು ದೀಪ ಕಂಡರೆ ಆ ಜನ ನಿಂತುಬಿಡುತ್ತಾರೆ. ನಾನು ದಾಟಿದೆ. ಒಬ್ಬ ಅಜ್ಜಿ ಆಚೆ ದಡದಿಂದ ಬೈದಳು. ಬೈಗುಳ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

ಪ್ರಯೋಗಾಲಯದಲ್ಲಿ ನನಗೆ ಜೊತೆಗಾತಿ ಹಿಲ್ಡಾ. ನಲವತ್ತರ ಹತ್ತಿರದವಳು, ಹತ್ತು ವರ್ಷದಿಂದ ಆ ಯಂತ್ರದ ಜೊತೆ ಬದುಕಿದವಳು. ಯುದ್ಧ ಮುಗಿದ ಮೇಲೆ ಅಮೆರಿಕನ್ನರ ಆಫೀಸಿನಲ್ಲಿ ಟೈಪು ಮಾಡಿ ಇಂಗ್ಲಿಷ್ ಕಲಿತಿದ್ದಳು. ಅವಳದೂ ಮುರುಕು, ನನ್ನದೂ ಮುರುಕು, ಹಾಗಾಗಿ ಚೆನ್ನಾಗಿ ಹೊಂದಿಕೊಂಡಿತು.

ಮೊದಲ ಸಂಜೆ ಕೆಲಸ ಮುಗಿಯಿತು. ಬಾಗಿಲ ಬಳಿ ಟೋಪಿ ಹಾಕಿದ ಕಾವಲುಗಾರನೊಬ್ಬ ಬೀಗದ ಕೈ ಹಿಡಿದು ನಿಂತಿದ್ದ. ನಾನು ಚೀಲ ಕೆಳಗಿಟ್ಟು, ಎರಡೂ ಕೈ ಎತ್ತಿ, ಬಾಯಿ ತೆರೆದು ನಿಂತೆ.

ಅಪ್ಪನ ಮೇಲೆ ಬಂಗಾರಪೇಟೆಯಲ್ಲಿ ಕೋಪ ಮಾಡಿಕೊಂಡಿದ್ದೆನಲ್ಲ, ಆ ಕೋಪಕ್ಕೆ ಅಲ್ಲೇ ಉತ್ತರ ಸಿಕ್ಕಿತು. ದಿನಾ ಸಂಜೆ ಗೇಟಿನಲ್ಲಿ ಕೈ ಎತ್ತಿದ ಅಸ್ಸೇ ಆಫೀಸಿನ ಐದು ವರ್ಷ ನನ್ನ ತೋಳಿನಲ್ಲೂ ಕೂತಿತ್ತು. ಕಾವಲುಗಾರ ಬೆಪ್ಪಾಗಿ ನೋಡಿದ. ಹಿಲ್ಡಾ ನಗುತ್ತಾಳೆ ಎಂದುಕೊಂಡೆ. ಅವಳ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಕೈ ಇಳಿಸಿ. ದಯವಿಟ್ಟು ಇಳಿಸಿ" ಎಂದಳು. ನಾನು ಇಳಿಸುವ ಮೊದಲೇ ನನ್ನ ಮೊಣಕೈ ಹಿಡಿದು ಕೆಳಗೆ ಎಳೆದಳು.

ಹೊರಗೆ ಬಂದ ಮೇಲೆ ನಡೆಯುತ್ತ ಹೇಳಿದಳು. ಯುದ್ಧದ ಕೊನೆಯಲ್ಲಿ ಅವಳ ಮನೆಯವರನ್ನು ನೆಲಮಾಳಿಗೆಯಿಂದ ಕೈ ಎತ್ತಿಸಿ ಹೊರಗೆ ಕರೆದರಂತೆ. ಅವಳ ತಂದೆಗೆ ಹಿಂದಿನ ಯುದ್ಧದಲ್ಲೇ ಒಂದು ಕೈ ಹೋಗಿತ್ತು. "ಎರಡೂ ಕೈ ಎತ್ತು ಎಂದು ಸೈನಿಕ ಕೂಗುತ್ತಲೇ ಇದ್ದ. ತಂದೆ ಒಂದನ್ನೇ ಎತ್ತಿ ನಿಂತಿದ್ದರು. ಅವನಿಗೆ ಅದು ಅರ್ಥವಾಗುವವರೆಗೆ ನಾನು ಉಸಿರು ಬಿಡಲಿಲ್ಲ" ಎಂದಳು. "ನಾವು ಸೋತವರು, ಎತ್ತಿದೆವು. ನೀವು ಯಾರಿಗೆ ಸೋತಿರಿ?"

ಆಮೇಲೆ ಎರಡು ವಾರ ಸಂಜೆ ಬಾಗಿಲ ಹತ್ತಿರ ಅವಳೇ ನನ್ನ ಎರಡೂ ಕೈಗೆ ಏನಾದರೂ ಹೊರೆಸುತ್ತಿದ್ದಳು: ಒಂದು ದಿನ ಅವಳ ಕೊಡೆ, ಒಂದು ದಿನ ಆಲೂಗಡ್ಡೆ ಚೀಲ. ಮೂರನೆಯ ವಾರದಲ್ಲಿ ಬರಿಗೈಯಲ್ಲಿ, ಕೈ ಎತ್ತದೆ, ಹೊರಗೆ ಬಂದೆ. ಇನ್ನು ಯಾರ ಮುಂದೆಯೂ ಎತ್ತುವುದಿಲ್ಲ ಎಂದು ಅವತ್ತು ಮನಸ್ಸಿನಲ್ಲೇ ಆಣೆ ಮಾಡಿದೆ.

ಮನೆಯೊಡತಿಯ ಅಡುಗೆಮನೆ

ನನಗೆ ಕೋಣೆ ಕೊಟ್ಟಿದ್ದ ಮನೆಯೊಡತಿ ವಿಧವೆ, ಒಳ್ಳೆಯ ಹೆಂಗಸು. ಶನಿವಾರ ಮಾತ್ರ ಬಿಸಿನೀರು. ಬ್ರೆಡ್ಡನ್ನು ಹಳಸಲು ಬಿಟ್ಟೇ ತಿನ್ನುತ್ತಾಳೆ, ಹೊಸದು ಹೊಟ್ಟೆಗೆ ಕೆಟ್ಟದ್ದಂತೆ. ಅವಳ ಸಾರಿನಲ್ಲಿ ಖಾರ ಹುಡುಕಿ ಹುಡುಕಿ ಎರಡು ತಿಂಗಳಿಗೆ ನನ್ನ ನಾಲಿಗೆ ಸತ್ತೇಹೋಯಿತು.

ಒಂದು ಶನಿವಾರ ಅಂಗಡಿಯಲ್ಲಿ ರೈ ಎಂಬ ಧಾನ್ಯದ ಹಿಟ್ಟು ಕಂಡಿತು. ಬಣ್ಣ ನಮ್ಮ ರಾಗಿಯದೇ. ತಂದು ನೀರು ಕುದಿಸಿ, ಹಿಟ್ಟು ಸುರಿದು, ಮುದ್ದೆ ಕೋಲಿಗೆಂದು ಅವಳು ಬಟ್ಟೆ ಕುದಿಸುವಾಗ ತಿರುವುವ ಕೋಲನ್ನೇ ತೆಗೆದುಕೊಂಡೆ. ರಾಗಿ ಒಲಿಯುತ್ತದೆ, ರೈ ಸೇಡು ತೀರಿಸಿಕೊಳ್ಳುತ್ತದೆ. ಅದು ಅಂಟಾಯಿತು, ಕೋಲನ್ನು ಹಿಡಿದುಕೊಂಡಿತು. ಕಾಲಲ್ಲಿ ಪಾತ್ರೆ ಅದುಮಿಕೊಂಡು ನಾನು ಎಳೆದೆ. ಕೋಲು ಎರಡು ತುಂಡಾಯಿತು.

ಸದ್ದು ಕೇಳಿ ಬಂದ ಮನೆಯೊಡತಿ ಕೋಲಿಗೆ ಅಳಲಿಲ್ಲ, ಇದೇನು ಎಂದು ಕೇಳಿದಳು. ಊಟ ಎಂದೆ. ಪಾಪ, ಮರ್ಯಾದೆಗೆ ಒಂದು ತುತ್ತು ತೆಗೆದುಕೊಂಡಳು. ಅಗಿಯಬೇಡಿ, ನುಂಗಿ ಎಂದು ನಾನು ಹೇಳುವಷ್ಟರಲ್ಲಿ ಅಗಿದಿದ್ದಳು. ಹಲ್ಲಿನ ಸೆಟ್ಟು ಮೇಲಿನದು ಕೆಳಗಿನದು ಒಂದಾಗಿ, ಕಾಲು ಗಂಟೆ ಮಾತಿಲ್ಲದೆ ಕಣ್ಣು ಅಗಲಿಸಿ ಕೂತಿದ್ದಳು. ಮುಂದಿನ ಭಾನುವಾರದಿಂದ ನನಗೆ ಆಲೂಗಡ್ಡೆಗೆ ಮೆಣಸಿನ ಪುಡಿ ಹಾಕಿ ಕೊಡತೊಡಗಿದಳು. ಅಡುಗೆಮನೆಗೆ ಮಾತ್ರ ಬರಬೇಡ ಎಂದಳು.

ತೂಕದ ಮನೆ

ಪರಮಾಣುವನ್ನು ತೂಗಲು ತಟ್ಟೆ ಇಲ್ಲ. ಒಂದು ಬಾಗಿದ ಕೊಳವೆ, ಅದರೊಳಗೆ ಗಾಳಿಯ ಸುಳಿವೂ ಇಲ್ಲ. ವಿದ್ಯುತ್ ತುಂಬಿದ ಪರಮಾಣುಗಳನ್ನು ಒಂದು ತುದಿಯಿಂದ ಓಡಿಸುತ್ತಾರೆ, ನಡುವೆ ದೊಡ್ಡ ಅಯಸ್ಕಾಂತ ಅವುಗಳ ದಾರಿಯನ್ನು ಬಗ್ಗಿಸುತ್ತದೆ. ಭಾರದವು ಕಡಿಮೆ ಬಗ್ಗುತ್ತವೆ, ಹಗುರವಾದವು ಹೆಚ್ಚು. ಪರದೆಯ ಮೇಲೆ ಒಂದೊಂದಕ್ಕೂ ಒಂದೊಂದು ಹಸಿರು ಗುಡ್ಡ ಮೂಡುತ್ತದೆ. ನಾನು ರೇಡಿಯೋದಲ್ಲಿರುವಂಥ ಗುಬುಟು ತಿರುಗಿಸಿ ಒಂದರ ಗುಡ್ಡವನ್ನು ಇನ್ನೊಂದರ ಮೇಲೆ ಸರಿಯಾಗಿ ಕೂರಿಸಬೇಕು. ಎಷ್ಟು ತಿರುಗಿಸಿದೆನೋ ಅದೇ ಎರಡರ ತೂಕದ ಅಂತರ. ಹಿಲ್ಡಾ ಅದನ್ನು ಓದಿ ಪುಸ್ತಕದಲ್ಲಿ ಬರೆಯುತ್ತಾಳೆ. ಪುಟದ ಕೆಳಗೆ ಇಬ್ಬರ ಸಹಿ.

ನಾವು ತೂಗುತ್ತಿದ್ದದ್ದು ಟೆಲ್ಯೂರಿಯಂ ಎಂಬ ಧಾತುವನ್ನೂ ಕ್ಸೆನಾನ್ ಎಂಬ ಅನಿಲವನ್ನೂ. ಟೆಲ್ಯೂರಿಯಂ ಕೆಲವು ಚಿನ್ನದ ಗಣಿಗಳ ಕಲ್ಲಿನಲ್ಲಿ ಚಿನ್ನದ ಜೊತೆಗೇ ಕೂತಿರುತ್ತದೆ. ಅದರ ಒಂದು ಬಗೆಯ ಪರಮಾಣು ಎಂದೋ ಒಮ್ಮೆ, ಬೀಟಾ ಕಣಗಳೆರಡನ್ನು ಒಟ್ಟಿಗೆ ಹೊರಗೆಸೆದು ಕ್ಸೆನಾನ್ ಆಗಿಬಿಡುತ್ತದಂತೆ. ಎಂದೋ ಎಂದರೆ, ಈ ಭೂಮಿಯ ವಯಸ್ಸು ಅದರ ಮುಂದೆ ಒಂದು ಚಿಟಿಕೆ. ಅದನ್ನು ಕಾಯುತ್ತ ಕೂರುವ ಬದಲು, ಮೊದಲು ಎಷ್ಟಿತ್ತು, ಆದಮೇಲೆ ಎಷ್ಟಾಗುತ್ತದೆ ಎಂದು ಎರಡನ್ನೂ ತೂಗಿಬಿಟ್ಟರೆ, ಹೊರಗೆ ಹೋಗುವ ಶಕ್ತಿ ಎಷ್ಟೆಂದು ತಿಳಿಯುತ್ತದೆ. ಅದರಿಂದ ಎಷ್ಟು ಕಾಲಕ್ಕೊಮ್ಮೆ ಹೀಗಾಗಬಹುದು ಎಂದು ಲೆಕ್ಕ ಹಾಕುತ್ತಾರೆ. ತೂಕದಲ್ಲಿ ಕೂದಲೆಳೆ ತಪ್ಪಿದರೆ ಕಾಲದ ಲೆಕ್ಕ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಹಿಲ್ಡಾ ಇದನ್ನು ಹೇಳಿದಾಗ ನನಗೆ ನಗು ಬಂತು. ಒಳಗೆ ಹೋಗುವಾಗ ಎಷ್ಟು, ಹೊರಗೆ ಬರುವಾಗ ಎಷ್ಟು, ನಡುವೆ ಹೋದದ್ದೆಲ್ಲಿ ಎಂದು ಕೇಳುವುದೇ ನಮ್ಮೂರಿನ ಕಸುಬು.

ಎರಡು ಧಾತುಗಳಿಗೂ ಸರದಿ ಇತ್ತು. ಸೆಕೆಂಡಿಗೆ ಹಲವು ಸಲ ಯಂತ್ರ ಅವುಗಳನ್ನು ಅದಲುಬದಲು ತೋರಿಸುತ್ತಿತ್ತು: ಮೊದಲ ಸರದಿ ಟೆಲ್ಯೂರಿಯಂಗೆ, ಎರಡನೆಯದು ಕ್ಸೆನಾನ್‌ಗೆ. ಯಾವಾಗಲೂ ಹಾಗೆಯೇ. ಅದು ನನಗೆ ಮೂರು ತಿಂಗಳು ಹಲ್ಲಿನ ಸಂದಿಯ ನಾರಿನಂತೆ ಚುಚ್ಚಿತು. ಒಂದು ದಿನ ಕೇಳಿಯೇಬಿಟ್ಟೆ.

"ಮೊದಲ ಸರದಿ ಕ್ಸೆನಾನ್‌ಗೆ ಕೊಟ್ಟರೆ?"

"ಏಕೆ? ಎರಡೂ ಒಂದೇ" ಎಂದಳು ಹಿಲ್ಡಾ.

"ಒಂದೇ ಆಗಿದ್ದರೆ ಬದಲಿಸಿದರೂ ಅದೇ ಸಂಖ್ಯೆ ಬರಬೇಕಲ್ಲ?"

ಅವಳು ಎದ್ದು ತಂತಿಗಳನ್ನು ಬಿಚ್ಚಿ ಬದಲಿಸಿದಳು. ತೂಗಿದೆವು. ಸಂಖ್ಯೆ ಬೇರೆ ಬಂತು. ಮತ್ತೆ ಬದಲಿಸಿದೆವು, ಹಳೆಯದೇ ಬಂತು. ಒಂದು ವಾರ ಹಾಗೆ ಮಾಡಿದೆವು. ಆ ಹಳೆಯ ತಕ್ಕಡಿಯಂತೆ ಇಲ್ಲೂ ಎಡದ ತೋಳಿಗೂ ಬಲದ ತೋಳಿಗೂ ವ್ಯತ್ಯಾಸವಿತ್ತು. ಇಷ್ಟು ದಿನದ ತೂಕವೆಲ್ಲ ಒಂದೇ ಕಡೆ ವಾಲಿತ್ತು. ಹಿಲ್ಡಾ ಲೇಖನಿ ಕೆಳಗಿಟ್ಟು, ಜರ್ಮನಿನಲ್ಲಿ ಒಂದು ಮಾತು ಹೇಳಿದಳು. ಅದರ ಅರ್ಥ ನಾನು ಕೇಳಲಿಲ್ಲ.

ಸಹಿ

ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರ ಪ್ರಬಂಧ ಆಗಲೇ ಟೈಪಾಗಿತ್ತು. ಹಳೆಯ ಸಂಖ್ಯೆಯ ಪ್ರಬಂಧ. ಅವರು ಕೆಟ್ಟ ಮನುಷ್ಯರೆಂದು ಹೇಳಲಾರೆ. ಹಬ್ಬಕ್ಕೆ ನನ್ನನ್ನು ಮನೆಗೆ ಕರೆದು ತಮ್ಮ ಕೈಯಾರೆ ಬಡಿಸಿದವರು. ಆದರೆ ಹತ್ತು ವರ್ಷ ಒಂದು ಯಂತ್ರ ಕಟ್ಟಿದವನಿಗೆ, ಚಿನ್ನದ ಗಣಿಯ ಗುಮಾಸ್ತನೊಬ್ಬ ಬಂದು ನಿನ್ನ ತಕ್ಕಡಿ ವಾಲಿದೆ ಎಂದರೆ ಹೇಗಿರುತ್ತದೆ?

"ನೀನು ಹೊಸಬ. ಗುಬುಟಿನ ಮೇಲೆ ನಿನ್ನ ಕೈ ನಡುಗಿರಬೇಕು" ಎಂದರು.

ಹೊಸ ಪುಟಗಳನ್ನು ಅಭ್ಯಾಸಕ್ಕೆ ಮಾಡಿದ್ದೆಂದು ಬದಿಗಿಟ್ಟು, ಹಳೆಯ ಸಂಖ್ಯೆಯ ಕೆಳಗೆ ಸಹಿ ಹಾಕು ಎಂದು ಪುಸ್ತಕ ಮುಂದಿಟ್ಟರು. ಸಹಿ ಹಾಕಿದರೆ ಸರ್ಟಿಫಿಕೇಟು, ಊರಿನಲ್ಲಿ ದೊಡ್ಡ ಹುದ್ದೆ. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

"ನಮ್ಮ ಆಫೀಸಿನಲ್ಲಿ ತೂಗಿದವನು ತಾನು ಕಂಡದ್ದಕ್ಕೆ ಮಾತ್ರ ಸಹಿ ಹಾಕುತ್ತಾನೆ. ನನ್ನ ಕೈ ನಡುಗಿದ್ದರೆ ಸಂಖ್ಯೆ ದಿನಕ್ಕೊಂದು ಕಡೆ ಚೆದುರಬೇಕಿತ್ತು. ಇದು ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತಿದೆ. ತಪ್ಪು ತಕ್ಕಡಿಯದು" ಎಂದೆ. ಧ್ವನಿ ನಾನು ಬಯಸಿದ್ದಕ್ಕಿಂತ ಜೋರಾಗಿಯೇ ಬಂತು. "ಸಹಿ ಹಾಕುವುದಿಲ್ಲ."

ಅವರು ಪುಸ್ತಕವನ್ನು ಹಿಲ್ಡಾಳ ಕಡೆ ತಳ್ಳಿದರು. ಅವಳು ಎರಡೂ ಕೈಗಳನ್ನು ಅಂಗಿಯ ಜೇಬಿನೊಳಗೆ ಇಟ್ಟುಕೊಂಡಳು. "ಎರಡನೆಯ ಸಹಿ ನನ್ನದು. ಮೊದಲನೆಯದಿಲ್ಲದೆ ಹಾಕಲಾರೆ" ಎಂದಳು.

ಸರ್ಟಿಫಿಕೇಟಿಲ್ಲದೆ ಹೊರಟೆ. ರೈಲಿನ ಕಿಟಕಿಯ ಹತ್ತಿರ ಹಿಲ್ಡಾ ಬಂದು, ಮುರಿದ ಕೋಲಿಗೆ ಬದಲು ಮನೆಯೊಡತಿಗೆ ತಾನೊಂದು ಕೋಲು ಕೊಟ್ಟಿರುವುದಾಗಿ ಹೇಳಿದಳು. ರೈಲು ಹೊರಟಾಗ ಕೈ ಬೀಸಲು ಅವಳು ತೋಳು ಎತ್ತಿದಳು, ನಾನೂ ಎತ್ತಿದೆ. ಇಬ್ಬರೂ ನಕ್ಕೆವು.

ಗೇಟು

ಊರಿಗೆ ಬಂದು ಎರಡು ದಿನ ಉಂಡು, ಮಲಗಿ, ಮೂರನೆಯ ದಿನ ಹಳೆಯ ಕೆಲಸಕ್ಕೇ ಹೋದೆ. ಬರಿಗೈಯಲ್ಲಿ ಬಂದವನಿಗೆ ದೊಡ್ಡ ಹುದ್ದೆ ಯಾರು ಕೊಡುತ್ತಾರೆ? ಸಂಜೆ ಗೇಟಿನಲ್ಲಿ ಕಾವಲಿಗೆ ಪೆರುಮಾಳಣ್ಣ ನಿಂತಿದ್ದ. ಅಪ್ಪನ ಜೊತೆಗಾರ, ನನ್ನನ್ನು ಎತ್ತಿ ಆಡಿಸಿದವನು.

"ಎನ್ನಪ್ಪಾ ಕಿಟ್ಟು, ಜರ್ಮನಿ ದೊರೆ ಆಗ್ಬಿಟ್ಯಾ! ಬಾ ಬಾ, ಕೈ ಎತ್ತು."

"ಹುಡುಕಣ್ಣಾ. ಜೇಬು ನೋಡು, ಚಪ್ಪಲಿ ನೋಡು, ತಲೆ ನೋಡು. ಕೈ ಮಾತ್ರ ಎತ್ತಲ್ಲ."

"ಏಯ್, ತಮಾಸೆ ಮಾಡ್ಬೇಡ. ಇಂದೆ ಜನ ನಿಂತವ್ರೆ."

"ತಮಾಷೆ ಅಲ್ಲಣ್ಣಾ. ಬೇಕಾದ್ರೆ ಒಳಕ್ಕೆ ಹೋಗೋವಾಗ ನನ್ನ ತೂಗಿ, ಹೊರಕ್ಕೆ ಬರೋವಾಗ ತೂಗಿ. ಹೆಚ್ಚಾಗಿದ್ರೆ ಹಿಡ್ಕೊಳ್ಳಿ."

ಅವನು ನಗಲಿಲ್ಲ. ಕೆಳಗೆ ಬಿಟ್ಟ ನನ್ನ ತೋಳುಗಳ ಸುತ್ತ ತಡವಿ ಹುಡುಕಿದ. ಏನಿರುತ್ತದೆ? ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ಕಟ್ಟಳೆ ಎಂದರೆ ಕಟ್ಟಳೆ, ಎತ್ತು, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದ. ಬರುವುದಿಲ್ಲ ಎಂದೆ. ಪೆರುಮಾಳಣ್ಣ ನನ್ನ ಚಪ್ಪಲಿಯನ್ನು ಬಗ್ಗಿ ಜೋಡಿಸಿ ಮುಂದಿಟ್ಟ. ಅದನ್ನು ಅವನು ಯಾರಿಗೂ ಮಾಡಿದ್ದು ನಾನು ನೋಡಿಲ್ಲ.

ಮನೆಯಲ್ಲಿ ಅಪ್ಪ ಕೂಗಾಡಿದ.

"ಕೈ ಎತ್ತುದ್ರೆ ಸವೆದ್ ಓಗ್ತಿತ್ತೇನ್ಲಾ? ನಾನ್ ಮೂವತ್ತ್ ವರ್ಸ ಎತ್ತಿಲ್ವಾ? ಅನ್ನ ತಿನ್ನೋ ಕೆಲ್ಸ ಕಣ್ಲಾ ಅದು!"

"ನೀನು ಎತ್ತಿದ್ದು ಸಾಕು ಅಂತಲೇ ನಾನು ಬಿಟ್ಟಿದ್ದು" ಎಂದೆ. ಅಪ್ಪ ಎದ್ದು ಹೊರಗೆ ಹೋದ. ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಜರ್ಮನಿಯಿಂದ ಕಾಗದ ಬಂತು. ಹಿಲ್ಡಾಳದು ಎಂದುಕೊಂಡು ಒಡೆದರೆ ಪ್ರೊಫೆಸರರದು, ಅವರ ಕೈಬರಹದಲ್ಲೇ. ನಾನು ಹೊರಟ ಮೇಲೆ ಯಂತ್ರವನ್ನು ಅವರೇ ಬಿಚ್ಚಿ, ಸರದಿ ಬದಲಿಸಿ ತೂಗಿದ್ದರು. ನಾನು ಹೇಳಿದ್ದೇ ಬಂದಿತ್ತು. ಪ್ರಬಂಧವನ್ನು ಹಿಂದಕ್ಕೆ ತರಿಸಿ ಸಂಖ್ಯೆ ತಿದ್ದಿದ್ದರು. ಕೊನೆಯಲ್ಲಿ ಒಂದು ಸಾಲು: ತಪ್ಪು ನಮ್ಮ ಯಂತ್ರದ್ದು, ತೂಗಿದವನದಲ್ಲ. ಕೆಳಗೆ ಸಹಿ.

ನಾನು ಇಂಗ್ಲಿಷಿನಲ್ಲಿ ಜೋರಾಗಿ ಓದಿದ್ದನ್ನು ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ಇನ್ನೊಂದ್ ಸಲ ಓದು" ಎಂದ. ಓದಿದೆ. "ಕನ್ನಡದಾಗೆ ಏಳು" ಎಂದ. ಹೇಳಿದೆ.

"ಬರ್ದು ಕೊಟ್ಟವ್ರಾ? ದೊಡ್ ದೊರೇನೇ?"

"ಅವರೇ ಬರೆದಿದ್ದು ಅಪ್ಪಾ."

"ಸಯ್ ಎಲ್ಲೈತೆ, ತೋರ್ಸು."

ತೋರಿಸಿದೆ. ಆ ಸಹಿಯ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ಕೂತಿದ್ದ. "ಇದು ನಿನ್ಗ್ ಬಂದಿರೋದು. ನನ್ಗಲ್ಲ" ಎಂದ ಕೊನೆಗೆ. ಅದು ನಿಜವೇ ಆಗಿತ್ತು. "ಇರ್ಲಿ. ತೂಗ್ದೋನ್ದಲ್ಲ ಅಂತ ಐತಲ್ಲ" ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ತನ್ನ ಎಲೆ ಅಡಿಕೆ ಚೀಲದೊಳಗೆ ಹಾಕಿಕೊಂಡ.

ಬಂಗಾರಪೇಟೆ, ಮತ್ತೆ

ಬಂಗಾರಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರ ಕೆಲಸ ಖಾಲಿ ಇತ್ತು. ಕೇಳಿದೆ, ಸಿಕ್ಕಿತು. ಮೊದಲ ದಿನ ನಾನೂ ಬರುತ್ತೇನೆ ಎಂದು ಅಪ್ಪ ಹಟ ಹಿಡಿದ. ಒಗೆದ ಪಂಚೆ ಉಟ್ಟು, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಮಾರಿಕುಪ್ಪಂ ರೈಲಿನಲ್ಲಿ ದಾರಿಯುದ್ದಕ್ಕೂ ಎದುರಿಗೆ ಕೂತವರಿಗೆಲ್ಲ ನನ್ನ ಮಗ ಅಣು ತೂಗಿ ಬಂದವನೆ, ದೊರೆಗಳ ತಕ್ಕಡೀನೇ ವಾಲಿತ್ತಂತೆ ಎಂದು ಹೇಳುತ್ತಿದ್ದ. ನಾನು ಕಿಟಕಿಯಿಂದ ಹೊರಗೆ ನೋಡುತ್ತ ಕೇಳಿಸದವನಂತೆ ಕೂತಿದ್ದೆ.

ಬಂಗಾರಪೇಟೆಯ ಗೇಟಿನಲ್ಲಿ ಅದೇ ಕರಿ ಕೋಟು, ಅದೇ ಟೋಪಿ. ಜನ ಒತ್ತುತ್ತಿದ್ದರು. ನಾನು ಅಪ್ಪನ ಹಿಂದಿದ್ದೆ, ಮುಂದೆ ಬರಲು ಜಾಗವಿರಲಿಲ್ಲ. ಎರಡು ಟಿಕೆಟ್ಟೂ ಅವನ ಹತ್ತಿರವೇ ಇದ್ದವು.

"ಟಿಕೆಟ್" ಎಂದ ಕಲೆಕ್ಟರ್.

ಅಪ್ಪನ ಎರಡೂ ಕೈ ಏಳತೊಡಗಿದವು. ಎದೆಯ ಮಟ್ಟಕ್ಕೆ ಬಂದು ಅಲ್ಲಿಯೇ ನಿಂತವು. ಅವನ ಬೆನ್ನು ನನಗೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆ ಕೈಗಳು ನಿಧಾನವಾಗಿ ಇಳಿದವು. ಬಲಗೈ ಸೊಂಟದ ಚೀಲದೊಳಗೆ ಹೋಯಿತು. ಕಾಗದವನ್ನು ಸರಿಸಿ, ಎಲೆಯನ್ನು ಸರಿಸಿ, ಎರಡು ಟಿಕೆಟ್ ಹುಡುಕಿ ತೆಗೆದು ಮುಂದೆ ಚಾಚಿತು.

"ತಗೋ. ಸರ್ಯಾಗ್ ನೋಡ್ಕೋ" ಎಂದ ಅಪ್ಪ.

ಹಿಂದಿದ್ದವರು ಬೇಗ ನಡಿಯಜ್ಜಾ, ಬೇಗ ನಡಿ ಎಂದು ಕೂಗುತ್ತಿದ್ದರು. ಅಪ್ಪ ಬೇಗ ನಡೆಯಲಿಲ್ಲ.